ಜಲಾಂತರ್ಗಾಮಿಯೂ ಮೀನುದೋಣಿಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯಲ್ಲಿರುವ ನಮಗೆ ಸಮುದ್ರವು ದೂರದ ಮಾತು. ಆದರೆ ಬೇಸಗೆಯ ಮಧ್ಯಾಹ್ನ ಪಾವಗಡದ ರಸ್ತೆಯಲ್ಲಿ ಬಿಸಿಲ್ಗುದುರೆಯನ್ನು ಕಾಣದವರಾರು? ನೆಲಕ್ಕೆ ತಾಗಿದ ಗಾಳಿ ಬಹಳವಾಗಿ ಕಾದಿರುತ್ತದೆ, ಮೇಲಿನದು ಅಷ್ಟಿಲ್ಲ. ಬೆಳಕಿನ ಕಿರಣವು ತನ್ನ ವೇಗ ಕಡಮೆಯಾಗುವ ಕಡೆಗೆ, ಎಂದರೆ ಮೇಲಕ್ಕೆ, ಬಾಗುತ್ತದೆ; ಆಕಾಶದ ಬೆಳಕೇ ನೆಲದ ಮೇಲಿನ ನೀರಾಗಿ ತೋರುತ್ತದೆ. ಕಡಲಿನೊಳಗೆ ಶಬ್ದವೂ ಹೀಗೆಯೇ ಬಾಗುತ್ತದೆ. ಅಲ್ಲಿ ಅದು ಬರಿಯ ವಿನೋದವಲ್ಲ.

2024ರ ನವೆಂಬರ್ 21ರಂದು ಗೋವೆಯ ವಾಯವ್ಯಕ್ಕೆ ಸುಮಾರು 70 ನಾವಿಕ ಮೈಲಿಗಳ ದೂರದಲ್ಲಿ ನಮ್ಮ ನೌಕಾಪಡೆಯ 'ಕರಂಜ್' ಜಲಾಂತರ್ಗಾಮಿಗೂ 'ಮಾರ್ತೋಮಾ' ಎಂಬ ಮೀನುದೋಣಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 13 ಮಂದಿಯಲ್ಲಿ 11 ಮಂದಿಯನ್ನು ಉಳಿಸಲಾಯಿತು. ಮಲ್ಪೆ, ಮಂಗಳೂರುಗಳ ದೋಣಿಗಳೂ ಆ ಕಡಲಿಗೆ ಹೋಗುವುದುಂಟು. ಆ ದಿನದ ತಪ್ಪು ಯಾರದೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಇಂಥ ಅಪಘಾತ ಹೇಗೆ ಸಾಧ್ಯ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಆಳದಲ್ಲಿ ಸಾಗುವ ಜಲಾಂತರ್ಗಾಮಿಗೆ ಕಣ್ಣಿಲ್ಲ, ಕಿವಿ ಮಾತ್ರ ಉಂಟು. ತಾನೇ ಶಬ್ದ ಹೊರಡಿಸಿ ಪ್ರತಿಧ್ವನಿಯನ್ನು ಆಲಿಸಬಹುದು. ಆದರೆ ಅದು ತನ್ನ ಇರವನ್ನು ಶತ್ರುವಿಗೆ ಸಾರಿದಂತೆ. ಆದುದರಿಂದ ಸಾಮಾನ್ಯವಾಗಿ ಸುಮ್ಮನೆ ಕೇಳುತ್ತ ಸಾಗುತ್ತದೆ. ಕಡಲ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರು. ನೀರು ತಣ್ಣಗಿದ್ದಷ್ಟೂ ಈ ವೇಗ ಕಡಮೆ. ಅರಬ್ಬೀ ಸಮುದ್ರದ ಮೇಲ್ಪದರ ಬೆಚ್ಚಗಿದ್ದು ಕೆಳಗೆ ತಂಪಾಗಿರುವುದರಿಂದ ದೋಣಿಯ ಎಂಜಿನ್ನಿನ ಸದ್ದು ಕೆಳಮುಖವಾಗಿ ಬಾಗಿ, ಒಂದಷ್ಟು ದೂರದಾಚೆ ಸದ್ದಿನ 'ನೆರಳು' ಏರ್ಪಡುತ್ತದೆ. ಬಲೆ ಬಿಟ್ಟು ಎಂಜಿನ್ ನಿಲ್ಲಿಸಿ ತೇಲುತ್ತಿರುವ ದೋಣಿಯಂತೂ ಸದ್ದನ್ನೇ ಮಾಡದು. ಜಲಾಂತರ್ಗಾಮಿ ಮೇಲೇರುವ ಗಳಿಗೆ ಇದರಿಂದಲೇ ಅಪಾಯಕರವಾದುದು.

ಡಿಕ್ಕಿಗಿಂತ ಬಲೆಯ ಹಗ್ಗ ಇನ್ನೂ ಕ್ರೂರ. 1990ರ ನವೆಂಬರ್ 22ರಂದು ಸ್ಕಾಟ್ಲೆಂಡಿನ ಕ್ಲೈಡ್ ಕೊಲ್ಲಿಯಲ್ಲಿ 'ಆಂಟಾರೆಸ್' ದೋಣಿಯ ಬಲೆಗೆ ಬ್ರಿಟಿಷ್ ಜಲಾಂತರ್ಗಾಮಿ 'ಟ್ರೆಂಚಂಟ್' ಸಿಕ್ಕಿತು. ಸುಮಾರು 5000 ಟನ್ನಿನ ಯಂತ್ರವೊಂದು ಹಗ್ಗ ಜಗ್ಗಿದರೆ ಸಣ್ಣ ದೋಣಿಯ ತೇಲುವ ಬಲ ಎಷ್ಟು ಹೊತ್ತು ತಾಳೀತು? ದೋಣಿಯಲ್ಲಿದ್ದ ನಾಲ್ವರೂ ಮಡಿದರು.

ಇನ್ನು ಪರಿಹಾರ. 2001ರ ಫೆಬ್ರವರಿ 9ರಂದು ಹವಾಯಿ ಬಳಿ ಅಮೆರಿಕದ 'ಗ್ರೀನ್‌ವಿಲ್' ಜಲಾಂತರ್ಗಾಮಿ ಮೇಲೆದ್ದ ರಭಸಕ್ಕೆ ಜಪಾನಿನ ಮೀನುಗಾರಿಕಾ ಶಾಲೆಯ ಹಡಗು 'ಎಹಿಮೆ ಮಾರು' ಮುಳುಗಿ 9 ಮಂದಿ ಸತ್ತರು. ಅಮೆರಿಕವು ಎಹಿಮೆ ಪ್ರಾಂತಕ್ಕೆ 1 ಕೋಟಿ 14 ಲಕ್ಷ ಡಾಲರುಗಳಿಗೂ ಮೀರಿದ ಹಣವನ್ನು ಕೊಡಲು ಒಪ್ಪಿತು; ಮೃತರ ಕುಟುಂಬಗಳದು ಬೇರೆ ಲೆಕ್ಕ. ನಮ್ಮಲ್ಲಿ 2017ರ ನಾವಿಕ ಹಕ್ಕುಗಳ ಕಾಯಿದೆಯಂತೆ, ಹಾನಿ ಮಾಡಿದ ವ್ಯಾಪಾರಿ ಹಡಗನ್ನು ಕರ್ನಾಟಕದ ಉಚ್ಚ ನ್ಯಾಯಾಲಯವೂ ತಡೆಹಿಡಿಯಬಲ್ಲದು. ಆದರೆ ಯುದ್ಧನೌಕೆಗಳಿಗೆ ಆ ಕಾಯಿದೆ ಅನ್ವಯಿಸದು. ಬೆಸ್ತನು ಸರಕಾರವನ್ನೇ ಕೇಳಬೇಕು. ಕೇಳುವುದಕ್ಕೆ ಸಾಕ್ಷ್ಯ ಬೇಕು. ಅದೋ ಬಹುಮಟ್ಟಿಗೆ ಎದುರಾಳಿಯ ದಿನಚರಿ ಪುಸ್ತಕದಲ್ಲಿರುತ್ತದೆ. 2015ರ ಏಪ್ರಿಲಿನಲ್ಲಿ ಐರಿಷ್ ಸಮುದ್ರದಲ್ಲಿ 'ಕ್ಯಾರೆನ್' ದೋಣಿಯನ್ನು ಹಿಂದಕ್ಕೆಳೆದದ್ದು ತನ್ನ ಜಲಾಂತರ್ಗಾಮಿಯೇ ಎಂದು ಬ್ರಿಟನ್ ಒಪ್ಪಿಕೊಂಡದ್ದು ಸೆಪ್ಟೆಂಬರಿನಲ್ಲಿ.