ನಿಮಗಿದು ಗೊತ್ತೆ? ಕ್ಯಾನ್ಸರ್ ನೋವಿಗೂ ಮದ್ದುಂಟು

● ಕ್ಯಾನ್ಸರ್ ನೋವನ್ನು ಹಲ್ಲುಕಚ್ಚಿ ಸಹಿಸಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಮೂರು ಮೆಟ್ಟಿಲುಗಳ ಚಿಕಿತ್ಸಾಕ್ರಮ ಪ್ರಕಟಿಸಿತು: ಅಲ್ಪ ನೋವಿಗೆ ಪ್ಯಾರಾಸಿಟಮಾಲ್‌ನಂಥ ಮಾತ್ರೆ, ಮಧ್ಯಮ ನೋವಿಗೆ ಕೊಡೀನ್‌ನಂಥದ್ದು, ತೀವ್ರ ನೋವಿಗೆ ಮಾರ್ಫಿನ್.

● ನೋವು ಕೆರಳಿದ ಮೇಲೆ ಮಾತ್ರೆ ಹುಡುಕುವುದಲ್ಲ. ಅದು ಮರಳುವ ಮೊದಲೇ ಹೊತ್ತಿಗೆ ಸರಿಯಾಗಿ ನುಂಗಬೇಕು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ತಾಸು.

● ಮಾರ್ಫಿನ್ ಎಂದರೆ ಕೊನೆಗಾಲ ಬಂತೆಂದಲ್ಲ. ನೋವು ತೀವ್ರವಾಗಿದ್ದರೆ ಕಾಯಿಲೆಯ ಯಾವ ಹಂತದಲ್ಲೂ ಕೊಡಬಹುದು. ಮಲಬದ್ಧತೆ ಸಾಮಾನ್ಯವಾದ್ದರಿಂದ ಅದಕ್ಕೂ ಜೊತೆಯಲ್ಲೇ ಔಷಧ ಕೊಡುತ್ತಾರೆ.

● ಮೂಳೆಗೆ ಹರಡಿದ ಕ್ಯಾನ್ಸರ್‌ನ ನೋವನ್ನು ವಿಕಿರಣ ಚಿಕಿತ್ಸೆ ತಗ್ಗಿಸಬಲ್ಲದು. ನರಗಳ ಉರಿನೋವಿಗೆ ಅಪಸ್ಮಾರ, ಖಿನ್ನತೆಗೆ ಕೊಡುವ ಕೆಲವು ಔಷಧಗಳೂ ನೆರವಾಗುತ್ತವೆ.

● ನೋವು ದೇಹದ್ದಷ್ಟೇ ಅಲ್ಲ, ಮನಸ್ಸು, ಕುಟುಂಬ, ನಂಬಿಕೆಗಳನ್ನೂ ತಟ್ಟುತ್ತದೆ ಎಂದು ಸಾರಿದವರು ಬ್ರಿಟನ್ನಿನ ವೈದ್ಯೆ ಸಿಸಿಲಿ ಸಾಂಡರ್ಸ್. 1967ರಲ್ಲಿ ಲಂಡನ್ನಿನಲ್ಲಿ ಅವರು ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಆರೈಕೆ ಕೇಂದ್ರ ಜಗತ್ತಿಗೇ ಮಾದರಿಯಾಯಿತು.

● ಭಾರತದಲ್ಲಿ 2014ರ ಕಾನೂನು ತಿದ್ದುಪಡಿ, ಆಸ್ಪತ್ರೆಗಳು ಮಾರ್ಫಿನ್ ಪಡೆಯುವ ವಿಧಾನವನ್ನು ಸರಳಗೊಳಿಸಿತು.

ನೋವು ಎಲ್ಲಿ, ಹೇಗೆ, 0ಯಿಂದ 10ರೊಳಗೆ ಎಷ್ಟು ಎಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ನೋವಿನಿಂದ ಬಿಡುಗಡೆ ಕೇಳುವುದು ರೋಗಿಯ ಹಕ್ಕು.