ಓಡುವ ಮನೆ, ಎಳೆಯುವ ಮನೆ

ಘಾಟಿಯ ದನಗಳ ಜಾತ್ರೆಗೆ ಶಿಡ್ಲಘಟ್ಟದಿಂದ ಹೊರಟ ನಮ್ಮ ಹಿರಿಯರಿಗೆ ಕಮಾನುಗಾಡಿಯೇ ಮನೆ. ಎತ್ತು ಬಿಚ್ಚಿ, ಮೂಕಿಗೆ ಆಸರೆ ಕೊಟ್ಟರೆ ಬಿಡಾರ ಸಿದ್ಧ. ಇಂದು ತಾನೇ ಓಡುವ ಮೋಟಾರುಮನೆಯೂ ಉಂಟು, ಎಳೆದೊಯ್ಯುವ ಟ್ರೇಲರುಮನೆಯೂ ಉಂಟು. ಯಾವುದು ಲೇಸು?

1994ರ ಶಿವರಾತ್ರಿಗೆ ನಂದಿಯಲ್ಲಿ ನಾವು ಬಾಡಿಗೆ ವ್ಯಾನಿನಲ್ಲೇ ತಂಗಿದ್ದೆವು. ನಡುರಾತ್ರಿ ತಾಯಿಯವರಿಗೆ ಉಬ್ಬಸ ಹೆಚ್ಚಿತು. ಚಿಕ್ಕಬಳ್ಳಾಪುರವೇನೂ ದೂರವಲ್ಲ, ಆದರೆ ಒಲೆ, ಹಾಸಿಗೆ, ಮಲಗಿದ ಮಕ್ಕಳು, ಎಲ್ಲವನ್ನೂ ಸಾವರಿಸದೆ ವ್ಯಾನು ಕದಲುವಂತಿರಲಿಲ್ಲ. ಪಕ್ಕದಲ್ಲಿದ್ದ ಚಿಂತಾಮಣಿಯ ರೈತರೊಬ್ಬರು ಟ್ರೇಲರಿನ ಕೀಲು ಕಳಚಿ, ಟ್ರ್ಯಾಕ್ಟರಿನಲ್ಲೇ ಅವರನ್ನು ಆಸ್ಪತ್ರೆಗೆ ಮುಟ್ಟಿಸಿದರು. ರೈತರ ಸಂಸಾರ ಟ್ರೇಲರಿನಲ್ಲಿ ಕಂಬಳಿ ಹೊದ್ದು ನಿದ್ರಿಸುತ್ತಲೇ ಇತ್ತು.

ಹಲವು ದಿನ ಒಂದೆಡೆ ನಿಲ್ಲುವವರಿಗೆ ಟ್ರೇಲರೇ ಸರಿಯೆಂದು ಅಂದಿನಿಂದ ನನ್ನ ಮತ. ಗೌರಿಬಿದನೂರಿನಿಂದ ಹೊರಟು ಇಂದು ವಿದುರಾಶ್ವತ್ಥ, ನಾಳೆ ಲೇಪಾಕ್ಷಿ ಎನ್ನುವವರಿಗೆ ಮೋಟಾರುಮನೆ ಹಗುರ. ಟ್ರೇಲರನ್ನು ಹಿಂದಕ್ಕೆ ಸರಿಸುವುದೂ ಒಂದು ವಿದ್ಯೆ: ಅದು ಎಡಕ್ಕೆ ಹೊರಳಬೇಕಾದರೆ ಚಾಲಕ ಮೊದಲು ಬಲಕ್ಕೆ ತಿರುಗಿಸಬೇಕು. ನನಗದು ಒಲಿಯಲಿಲ್ಲ.