ಎಚ್ಚರಿಕೆ: ನಿತ್ಯಜೀವನದ ಒಂದು ವಿದ್ಯೆ

ಪಾಠಶಾಲೆಯೆಂದರೆ ಓದು, ಬರಹ, ಲೆಕ್ಕಗಳನ್ನು ಕಲಿಸುವ ಸ್ಥಳವೆಂದು ಜನರು ಸಾಮಾನ್ಯವಾಗಿ ಭಾವಿಸುವುದುಂಟು. ಈ ಭಾವನೆ ಸರಿಯಾದುದೇ. ಆದರೆ ಓದಬಲ್ಲವನು ತಾನು ರುಜು ಹಾಕುವ ಕಾಗದವನ್ನು ಓದದೆ ಹೋದರೆ, ಲೆಕ್ಕ ಬಲ್ಲವನು ಅಂಗಡಿಯ ಚೀಟಿಯನ್ನು ಕೂಡಿ ನೋಡದೆ ಹೋದರೆ, ಆ ಕಲಿಕೆಯಿಂದ ಬಂದ ಫಲವೇನು? ಕಲಿತುದನ್ನು ಬೇಕಾದ ಗಳಿಗೆಯಲ್ಲಿ ನೆನಪಿಗೆ ತಂದುಕೊಳ್ಳುವ ಶಕ್ತಿಗೆ ಎಚ್ಚರಿಕೆಯೆಂದು ಹೆಸರು.

ಎಚ್ಚರಿಕೆಯೆಂದರೆ ಎಲ್ಲರನ್ನೂ ಸಂಶಯದಿಂದ ಕಾಣುವುದಲ್ಲ. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದ ಊರು ಊರೇ ಅಲ್ಲ. ಕೇಳಿದುದಕ್ಕೂ ನಂಬುವುದಕ್ಕೂ ನಡುವೆ, ಕಂಡುದಕ್ಕೂ ಕೈಹಾಕುವುದಕ್ಕೂ ನಡುವೆ, ವಿಚಾರ ಮಾಡುವಷ್ಟು ಅಂತರವನ್ನು ಉಳಿಸಿಕೊಳ್ಳುವುದೇ ಎಚ್ಚರಿಕೆ. ಮೋಸಗಾರನು ಮೊಟ್ಟಮೊದಲು ಕದಿಯುವುದು ಈ ಅಂತರವನ್ನು. ಹಣವನ್ನು ಕದಿಯುವುದು ಆಮೇಲೆ. ಸಂತೆ, ದೂರವಾಣಿ, ಗಾಳಿಸುದ್ದಿ, ರಸ್ತೆ ಈ ನಾಲ್ಕು ಕಡೆಗಳಲ್ಲಿಯೂ ಇದೇ ಮಾತು ಹೇಗೆ ಸಲ್ಲುವುದೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಸಂತೆಯನ್ನು ತೆಗೆದುಕೊಳ್ಳೋಣ. ಪೊಟ್ಟಣದಲ್ಲಿ ಮಾರುವ ಪದಾರ್ಥದ ಮೇಲೆ ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ವರ್ಷ, ಎಲ್ಲಾ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ, ದೂರು ಹೇಳಬೇಕಾದ ವಿಳಾಸ ಇವಿಷ್ಟೂ ಅಚ್ಚಾಗಿರಬೇಕೆಂದು ಕಾನೂನು ವಿಧಿಸಿದೆ. ಗರಿಷ್ಠ ಬೆಲೆಗಿಂತ ಹೆಚ್ಚು ಕೇಳುವ ಹಕ್ಕು ಅಂಗಡಿಯವನಿಗಿಲ್ಲ. ಕಡಿಮೆಗೆ ಕೊಡೆಂದು ಕೇಳುವ ಹಕ್ಕು ಕೊಳ್ಳುವವನಿಗೆ ಉಂಟು. ವಿದ್ಯುತ್ ತಕ್ಕಡಿಯಲ್ಲಿ ತೂಗುವ ಮೊದಲು ಅಂಕೆ ಸೊನ್ನೆಯಲ್ಲಿದೆಯೇ ಎಂದು ನೋಡತಕ್ಕದ್ದು. ಪೆಟ್ರೋಲು ಬಂಕಿನಲ್ಲಿಯೂ ಹಾಗೆಯೇ. ಅಳತೆಯ ಬಗ್ಗೆ ಅನುಮಾನ ಬಂದರೆ ಬಂಕಿನಲ್ಲಿ ಇಟ್ಟಿರಬೇಕಾದ ಐದು ಲೀಟರಿನ ಮುದ್ರೆಯೊತ್ತಿದ ಅಳತೆಯ ಪಾತ್ರೆಯಲ್ಲಿ ಹಿಡಿದು ತೋರಿಸೆಂದು ಯಾವ ಗಿರಾಕಿಯೂ ಕೇಳಬಹುದು. ಕೇಳುವುದು ಜಗಳವಲ್ಲ, ಹಕ್ಕು.

ಶೇಂಗಾ ಬೆಳೆಯುವ ನಮ್ಮ ಸೀಮೆಯಲ್ಲಿ ಬಿತ್ತನೆಬೀಜದ ವಿಷಯ ಇದಕ್ಕಿಂತಲೂ ದೊಡ್ಡದು. ಅಕ್ಕಿಯಲ್ಲಿ ಮೋಸಹೋದವನು ಒಂದು ವಾರ ಕಷ್ಟಪಟ್ಟಾನು. ಬೀಜದಲ್ಲಿ ಮೋಸಹೋದವನು ಒಂದು ಹಂಗಾಮನ್ನೇ ಕಳೆದುಕೊಳ್ಳುವನು. ಆದುದರಿಂದ ಬೀಜದ ಚೀಲದ ಮೇಲಿನ ಲಾಟು ಸಂಖ್ಯೆ, ಮೊಳಕೆಯ ಪ್ರಮಾಣ, ಪರೀಕ್ಷೆಯ ತಾರೀಖು ಇವುಗಳನ್ನು ಓದಿ, ಅದೇ ಲಾಟು ಸಂಖ್ಯೆಯಿರುವ ರಶೀದಿಯನ್ನು ಪಡೆದು, ಬೆಳೆ ಕೈಸೇರುವವರೆಗೂ ರಶೀದಿಯನ್ನೂ ಖಾಲಿ ಚೀಲವನ್ನೂ ಜೋಪಾನವಾಗಿಡಬೇಕು. ಅವಿಲ್ಲದೆ ದೂರಿಗೆ ಬಲವಿಲ್ಲ. ಬಿತ್ತುವ ಮೊದಲು ನೂರು ಕಾಳುಗಳನ್ನು ಒದ್ದೆಯ ಗೋಣಿಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸುವ ಹಿರಿಯರ ಪದ್ಧತಿ ಇಂದಿಗೂ ಉತ್ತಮವಾದುದು. ಆ ನಾಲ್ಕಾರು ದಿನಗಳ ತಡವೇ ನಾವು ಮೊದಲು ಹೇಳಿದ ಅಂತರ.

ಮನೆಯ ಬಾಗಿಲಿಗೆ ಬರುವ ವಂಚನೆಗಳೂ ಉಂಟು. ಗಂಡಸರು ಹೊಲಕ್ಕೆ ಹೋದ ಹೊತ್ತಿನಲ್ಲಿ ಒಡವೆಗಳಿಗೆ ಮೆರುಗು ಕೊಡುವೆವೆಂದು ಬರುವವರು ಮೊದಲು ಹಿತ್ತಾಳೆಯ ಚೊಂಬನ್ನು ಬೆಳಗಿ ತೋರಿಸಿ ನಂಬಿಕೆ ಗಳಿಸುತ್ತಾರೆ. ಬಳಿಕ ಚಿನ್ನದ ಸರವನ್ನು ಒಂದು ದ್ರವದಲ್ಲಿ ಅದ್ದುತ್ತಾರೆ. ನೈಟ್ರಿಕ್ ಆಮ್ಲವನ್ನೂ ಹೈಡ್ರೋಕ್ಲೋರಿಕ್ ಆಮ್ಲವನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಆ ಮಿಶ್ರಣವು ಚಿನ್ನವನ್ನು ಕರಗಿಸುವುದೆಂಬುದು ರಸಾಯನ ಶಾಸ್ತ್ರದ ಸಾಮಾನ್ಯ ಪಾಠ. ಸರವು ಹೊಳೆಯುತ್ತಾ ಹಿಂದಕ್ಕೆ ಬರುತ್ತದೆ. ಕರಗಿದ ಚಿನ್ನವು ದ್ರವದೊಡನೆ ಹೊರಟುಹೋಗುತ್ತದೆ. ಅಕ್ಕಿಯನ್ನು ಸೆಳೆಯುವ ತಾಮ್ರದ ಚೊಂಬಿಗೆ ಕೋಟಿ ಬೆಲೆಯುಂಟೆಂದು ಹೇಳುವ 'ರೈಸ್ ಪುಲ್ಲಿಂಗ್' ಎಂಬ ಮೋಸವೂ ಇಂತಹುದೇ. ತಾಮ್ರವು ಅಕ್ಕಿಯನ್ನು ಸೆಳೆಯಲಾರದು. ಅಯಸ್ಕಾಂತವು ಕಬ್ಬಿಣವನ್ನು ಸೆಳೆಯಬಲ್ಲುದು. ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ, ಪಾತ್ರೆಯಲ್ಲಿ ಅಯಸ್ಕಾಂತವನ್ನು ಅಡಗಿಸಿದರೆ ಪವಾಡ ಸಿದ್ಧವಾಯಿತು. ಆರನೆಯ ತರಗತಿಯ ಹುಡುಗನು ತನ್ನ ಪಾಠವನ್ನು ನೆನೆದು ಒಂದು ಪ್ರಶ್ನೆ ಕೇಳಿದರೆ ಸಾಕು, ಒಂದು ಮನೆ ಉಳಿದೀತು.

ಎರಡನೆಯದು ದೂರವಾಣಿ. ಹಿಂದೆ ಕಳ್ಳನು ಗೋಡೆಗೆ ಕನ್ನ ಹಾಕಬೇಕಾಗಿತ್ತು. ಈಗ ಅವನು ಮನೆಯವರಿಂದಲೇ ಬಾಗಿಲು ತೆಗೆಸುತ್ತಾನೆ. ಅವನ ಕೈಯಲ್ಲಿರುವ ಆಯುಧಗಳು ಎರಡೇ: ಆಸೆ ಮತ್ತು ಭಯ. 'ನಿಮಗೆ ಬಹುಮಾನ ಬಂದಿದೆ' ಎಂಬುದು ಆಸೆ. 'ಇಂದು ಸಂಜೆಯೊಳಗೆ ನಿಮ್ಮ ಖಾತೆ ನಿಂತುಹೋಗುವುದು' ಎಂಬುದು ಭಯ. ಎರಡರಲ್ಲಿಯೂ ಸಾಮಾನ್ಯವಾದುದು ಅವಸರ. ನಾಳೆ ನೋಡೋಣವೆಂದರೆ ಅವನು ಒಪ್ಪುವುದಿಲ್ಲ. ಏಕೆಂದರೆ ನಾಳೆಯೊಳಗೆ ನಾವು ಮತ್ತೊಬ್ಬರನ್ನು ಕೇಳುವೆವು.

ಈ ಬಗೆಯ ಮೋಸಗಳಲ್ಲಿ ಅತ್ಯಂತ ಕ್ರೂರವಾದುದು 'ಡಿಜಿಟಲ್ ಅರೆಸ್ಟ್'. ಪೊಲೀಸು ಅಧಿಕಾರಿಯ ವೇಷದಲ್ಲಿ ಒಬ್ಬನು ಮೊಬೈಲಿನ ಪರದೆಯಲ್ಲಿ ಕಾಣಿಸಿಕೊಂಡು, ನಿಮ್ಮ ಹೆಸರಿನಲ್ಲಿ ಅಪರಾಧ ನಡೆದಿದೆಯೆಂದು ಹೆದರಿಸಿ, ಕೊಠಡಿಯಿಂದ ಹೊರಬರಬಾರದು, ಯಾರಿಗೂ ತಿಳಿಸಬಾರದು ಎಂದು ಆಜ್ಞಾಪಿಸಿ ಹಣವನ್ನು ಸೆಳೆಯುತ್ತಾನೆ. 27-10-2024ರಂದು ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ ಇದನ್ನು ಕುರಿತು ದೇಶವನ್ನು ಎಚ್ಚರಿಸಿದಾಗ ಉದಾಹರಣೆಗೆ ತೆಗೆದುಕೊಂಡ ಸಂಭಾಷಣೆಯು ಕರ್ನಾಟಕದ ವಿಜಯಪುರದವರೊಬ್ಬರಿಗೆ ಬಂದ ಕರೆಯಾಗಿತ್ತು. ನಿಲ್ಲಿ, ಯೋಚಿಸಿ, ಬಳಿಕ ನಡೆಯಿರಿ ಎಂಬುದೇ ಅಂದಿನ ಬೋಧೆಯ ಸಾರ. ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ದೂರವಾಣಿಯ ಮೂಲಕ ಬಂಧಿಸುವ ಕ್ರಮವಿಲ್ಲ. 'ಯಾರಿಗೂ ಹೇಳಬೇಡ' ಎಂಬ ಮಾತನ್ನು ಕೇಳಿದೊಡನೆ ಮನೆಯ ಎಲ್ಲರಿಗೂ ಹೇಳುವುದೇ ಸರಿಯಾದ ಉತ್ತರ.

ಇನ್ನೊಂದು ನಿಯಮವನ್ನು ಮಕ್ಕಳೂ ಹಿರಿಯರೂ ಕಂಠಪಾಠ ಮಾಡಬೇಕು. ಯು.ಪಿ.ಐ. ಮೂಲಕ ಹಣವನ್ನು ಕೊಡುವುದಕ್ಕೆ ಪಿನ್ ಬೇಕು. ಹಣವನ್ನು ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಹಣ ಕಳುಹಿಸುತ್ತೇನೆ, ಪಿನ್ ಒತ್ತಿರಿ ಎನ್ನುವವನು ಹಣವನ್ನು ಕೀಳುವವನೇ ಸರಿ. ಓ.ಟಿ.ಪಿ.ಯನ್ನು ಬ್ಯಾಂಕಿನವರು ದೂರವಾಣಿಯಲ್ಲಿ ಎಂದೂ ಕೇಳುವುದಿಲ್ಲ. ಇಷ್ಟಾದ ಮೇಲೂ ಹಣ ಹೋಯಿತೆಂದರೆ ಅಲ್ಲಿ ಮಾತ್ರ ಅವಸರ ಬೇಕು. ಕದ್ದ ಹಣವು ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುವುದರಿಂದ, ತಕ್ಷಣವೇ 1930 ಸಂಖ್ಯೆಗೆ ಕರೆಮಾಡಿ ತಿಳಿಸಿದರೆ ನಡುದಾರಿಯಲ್ಲಿ ತಡೆಯುವ ಅವಕಾಶವುಂಟು. ನಾಚಿಕೆಯಿಂದ ಒಂದು ದಿನ ಮೌನವಾಗಿದ್ದರೆ ಆ ಅವಕಾಶವು ಕೈಬಿಡುವುದು. ಸರಕಿನ ವಿಷಯದ ದೂರುಗಳಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಗಡಿನಾಡಿನ ನಮಗೆ ಇನ್ನೊಂದು ವಿಶೇಷ ಕಷ್ಟವುಂಟು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬ್ಯಾಂಕಿನ ಅರ್ಜಿಯಲ್ಲಿ ಇಂಗ್ಲಿಷು, ದೂರವಾಣಿಯಲ್ಲಿ ಹಿಂದಿ. ಅರ್ಥವಾಗದ ಭಾಷೆಯ ಮುಂದೆ ಮನುಷ್ಯನು ಸಂಕೋಚದಿಂದ ತಲೆಯಾಡಿಸಿಬಿಡುವುದುಂಟು. ಆ ಸಂಕೋಚವೇ ವಂಚಕನಿಗೆ ಬಂಡವಾಳ. ಓದಲಾಗದ ಕಾಗದಕ್ಕೆ ರುಜುವಾಗಲಿ ಹೆಬ್ಬೆಟ್ಟಾಗಲಿ ಹಾಕಬಾರದು. ಮನೆಗೆ ತಂದು, ಓದಬಲ್ಲವರಿಂದ ಓದಿಸಿ, ಮರುದಿನ ಹಾಕಬೇಕು. ನಮ್ಮ ಮಕ್ಕಳು ಕನ್ನಡದೊಡನೆ ತೆಲುಗನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಬೇಕೆಂಬುದಕ್ಕೆ ಉದ್ಯೋಗವೊಂದೇ ಕಾರಣವಲ್ಲ. ತಂದೆತಾಯಿಯರ ಹೆಬ್ಬೆಟ್ಟನ್ನು ಕಾಯುವುದೂ ಒಂದು ಕಾರಣ.

ಮೂರನೆಯದು ಗಾಳಿಸುದ್ದಿ. 1990ರ ದಶಕದಲ್ಲಿ ರಾತ್ರಿಯ ಹೊತ್ತು ಹೆಣ್ಣು ದೆವ್ವವೊಂದು ಪರಿಚಿತರ ದನಿಯಲ್ಲಿ ಕರೆಯುವುದೆಂದೂ, ಬಾಗಿಲು ತೆರೆದವರು ಸಾಯುವರೆಂದೂ ಸುದ್ದಿ ಹಬ್ಬಿ, ಕರ್ನಾಟಕದ ಮನೆಗಳ ಬಾಗಿಲಿನ ಮೇಲೆ 'ನಾಳೆ ಬಾ' ಎಂದೂ, ತೆಲುಗು ನಾಡಿನಲ್ಲಿ 'ಓ ಸ್ತ್ರೀ ರೇಪು ರಾ' ಎಂದೂ ಜನರು ಬರೆದುಕೊಂಡರು. ದೆವ್ವಕ್ಕೆ ಎರಡು ಭಾಷೆಗಳೂ ಓದಲು ಬರುತ್ತಿದ್ದುವೆಂದು ಕಾಣುತ್ತದೆ! ಅದರಿಂದ ನಗೆಪಾಟಲಾಯಿತೇ ಹೊರತು ದೊಡ್ಡ ಹಾನಿಯಾಗಲಿಲ್ಲ.

ಎಲ್ಲಾ ಸುದ್ದಿಗಳೂ ಹಾಗಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯು ವಾಟ್ಸ್ಆ್ಯಪಿನ ಮೂಲಕ ದೇಶವನ್ನೆಲ್ಲಾ ಸುತ್ತಿತು. ಅದರೊಡನೆ ಹರಿದಾಡಿದ ಒಂದು ಚಲಚ್ಚಿತ್ರದಲ್ಲಿ ಮೋಟಾರ್ ಸೈಕಲಿನವರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವಿತ್ತು. ವಾಸ್ತವವಾಗಿ ಅದು ಮಕ್ಕಳ ರಕ್ಷಣೆಯ ಬಗ್ಗೆ ತಿಳುವಳಿಕೆ ಕೊಡಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಿಸಿದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಹಿಂದಕ್ಕೆ ಬಿಟ್ಟು, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿಬಿಟ್ಟರು. ಮೇ 23ರಂದು ಬೆಂಗಳೂರಿನಲ್ಲಿ ಹೊರರಾಜ್ಯದಿಂದ ಬಂದಿದ್ದ ಬಡ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳಿಗೆ ಚಾಕೊಲೇಟು ಹಂಚಿದ ಕಾರಣಕ್ಕಾಗಿ, ಹೈದರಾಬಾದಿನ ಇಂಜಿನಿಯರೊಬ್ಬರು ಜನರ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಮಕ್ಕಳನ್ನು ಕಾಯಲೆಂದು ತೆಗೆದ ಚಿತ್ರವು ನಿರಪರಾಧಿಗಳ ಮೇಲಣ ದ್ವೇಷಕ್ಕೆ ಸಾಧನವಾಯಿತು. ಹೊಡೆದವರೆಲ್ಲರೂ ದುಷ್ಟರಲ್ಲ, ಬಹುಮಂದಿ ಮಕ್ಕಳ ತಂದೆತಾಯಿಯರೇ. ಅವರಲ್ಲಿ ಇಲ್ಲವಾದುದು ದಯೆಗಿಂತ ಹೆಚ್ಚಾಗಿ, ವಿಚಾರಿಸುವಷ್ಟು ತಾಳ್ಮೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡೆಂದು ಹಿರಿಯರು ಹೇಳಿದ್ದಾರೆ. ಕೈಯ ಮೊಬೈಲಿನಲ್ಲಿ ಕಂಡುದಕ್ಕಂತೂ ಈ ಮಾತು ಇಮ್ಮಡಿ ಸಲ್ಲುವುದು. ಸುದ್ದಿಯನ್ನು ಮುಂದಕ್ಕೆ ಕಳುಹಿಸುವ ಮುನ್ನ ಎಲ್ಲಿಯದು, ಎಂದಿನದು, ಯಾರು ಹೇಳಿದರು ಎಂದು ಕೇಳಬೇಕು. ಉತ್ತರವಿಲ್ಲದ ಸುದ್ದಿಯನ್ನು ನಮ್ಮಲ್ಲಿಯೇ ನಿಲ್ಲಿಸಬೇಕು. ಅನುಮಾನವಿದ್ದರೆ 112ಕ್ಕೆ ತಿಳಿಸುವುದು ಪ್ರಜೆಯ ಕೆಲಸ, ಶಿಕ್ಷಿಸುವುದು ಅಲ್ಲ.

ಕೊನೆಯದು ರಸ್ತೆ. ನಮ್ಮ ಮಂಡಲದ ಪಾಲಸಮುದ್ರದ ಮೇಲೆ ಹಾದುಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿಯು ನಮ್ಮ ಜನಕ್ಕೆ ಬೆಂಗಳೂರಿನ ಅನ್ನದ ದಾರಿ. 26-10-2023ರ ಬೆಳಗ್ಗೆ, ಮಂಜು ಕವಿದಿದ್ದಾಗ, ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ರಸ್ತೆಯ ಬದಿ ನಿಂತಿದ್ದ ಟ್ಯಾಂಕರ್ ಲಾರಿಗೆ ಟಾಟಾ ಸುಮೋ ಗಾಡಿಯೊಂದು ಹಿಂದಿನಿಂದ ಬಡಿದು 13 ಮಂದಿ ತೀರಿಕೊಂಡರು. ಅವರಲ್ಲಿ ಬಹುಮಂದಿ ಗೋರಂಟ್ಲದ ಸೀಮೆಯವರು. ದಸರೆಯ ಹಬ್ಬ ಕಳೆದ ಎರಡನೆಯ ದಿನ ಬೆಂಗಳೂರಿನ ಕಡೆಗೆ ಹೊರಟಿದ್ದವರು. ತಪ್ಪು ಯಾರದೆಂದು ಇಲ್ಲಿ ವಿಚಾರಿಸುವುದಿಲ್ಲ. ಅಂತಹುದು ಮತ್ತೊಮ್ಮೆ ನಡೆಯದಂತೆ ತಿಳಿಯಬೇಕಾದ ಲೆಕ್ಕವೊಂದಿದೆ. ಅದನ್ನು ಮಾತ್ರ ಹೇಳುವೆನು.

ಗಂಟೆಗೆ 60 ಕಿಲೋಮೀಟರು ವೇಗದ ಗಾಡಿಯು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಚಲಿಸುವುದು. ಎದುರಿಗೆ ಏನೋ ಕಂಡು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯುವುದು. ಬ್ರೇಕು ಹಿಡಿದ ಮೇಲೆ, ಒಣರಸ್ತೆಯಲ್ಲಿಯೂ, ಮತ್ತೆ ಸುಮಾರು 20 ಮೀಟರು ಬೇಕು. ಒಟ್ಟು 37 ಮೀಟರು. ವೇಗವು 80 ಆದರೆ ಮೊದಲ ಭಾಗ 22, ಎರಡನೆಯದು 35, ಒಟ್ಟು 57 ಮೀಟರು. ವೇಗವು ಇಮ್ಮಡಿಯಾದರೆ ಬ್ರೇಕಿನ ದೂರವು ನಾಲ್ಮಡಿಯಾಗುವುದು. ಇದು ಪ್ರಕೃತಿಯ ನಿಯಮ, ಯಾವ ಚಾಲಕನ ಚಾತುರ್ಯಕ್ಕೂ ಬಗ್ಗದು. ಮಂಜಿನಲ್ಲಿ 30 ಮೀಟರಿನಾಚೆಗೆ ಏನೂ ಕಾಣದಿರುವಾಗ 60ರ ವೇಗದಲ್ಲಿ ಹೋಗುವವನು, ಎದುರಿಗಿರುವುದು ಕಂಡ ಮೇಲೂ ನಿಲ್ಲಲಾರನು. 40ರ ವೇಗದವನಿಗೆ 20 ಮೀಟರು ಸಾಕು, ಅವನು ನಿಂತಾನು. ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗವೇ ತಕ್ಕ ವೇಗ. ನಾವು ಹೇಳುತ್ತಾ ಬಂದ ಅಂತರವು ರಸ್ತೆಯಲ್ಲಿ ಮೀಟರುಗಳಾಗಿ ಅಳೆಯಲ್ಪಡುತ್ತದೆ.

ಗಾಡಿ ಕೆಟ್ಟರೆ ರಸ್ತೆಯಿಂದ ಪೂರ್ತಿ ಇಳಿಸಿ, ದೀಪ ಮಿನುಗಿಸಿ, ಹಿಂದೆ ದೂರದಲ್ಲಿ ಹೊಳೆಯುವ ತ್ರಿಕೋನವನ್ನಿಡಬೇಕು. ಪ್ರಮಾಣಕ್ಕಿಂತ ಹೆಚ್ಚು ಜನರನ್ನು ತುಂಬಿದ ಆಟೋ, ಜೀಪುಗಳಲ್ಲಿ ಮಕ್ಕಳನ್ನು ಕಳುಹಿಸಬಾರದು. ಹೆಲ್ಮೆಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯದಿದ್ದರೆ ಅದು ತಲೆಗಿಂತ ಮೊದಲೇ ಉರುಳಿಹೋಗುವುದು. ರಾಗಿ, ಹುರುಳಿಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವ ರೂಢಿಯನ್ನು ನಾವು ಬಿಡಲೇಬೇಕು. ಆ ಹುಲ್ಲಿನ ಮೇಲೆ ಜಾರಿ ಬೀಳುವ ದ್ವಿಚಕ್ರಿಯು ಪಕ್ಕದ ಹಳ್ಳಿಯ ಯಾರದೋ ಮಗ. ಅಪಘಾತ ಕಂಡರೆ 108ಕ್ಕೆ, ಹೆದ್ದಾರಿಯಲ್ಲಾದರೆ 1033ಕ್ಕೆ ತಿಳಿಸಬೇಕು. ಗಾಯಾಳುವಿಗೆ ನೆರವಾದವನನ್ನು ಸಾಕ್ಷಿಯಾಗೆಂದು ಬಲಾತ್ಕರಿಸಬಾರದೆಂದು 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ರಕ್ಷಣೆ ನೀಡಿದೆ. ಆದುದರಿಂದ ಪೊಲೀಸರ ಭಯದಿಂದ ಹಾದುಹೋಗುವುದಕ್ಕೆ ಈಗ ಕಾರಣವಿಲ್ಲ.

ಇವೆಲ್ಲವೂ ಹೊಸ ವಿಷಯಗಳಲ್ಲವೆಂದು ಓದುಗರು ಹೇಳಬಹುದು. ನಿಜ. ಆದರೆ ಎಚ್ಚರಿಕೆಯು ಒಮ್ಮೆ ಕಲಿತು ಮುಗಿಯುವ ಪಾಠವಲ್ಲ. ದಿನದಿನವೂ ಒಪ್ಪಿಸಬೇಕಾದ ಮಗ್ಗಿ. ಪೋಷಕ ಮಹಾಶಯರು ವಾರಕ್ಕೊಂದು ಸಂಜೆ ಮಕ್ಕಳೊಡನೆ ಕುಳಿತು ಅಂಗಡಿಯ ಚೀಟಿಯನ್ನು ಕೂಡಿಸಲಿ, ಬಂದ ಸಂದೇಶವನ್ನು ಓದಿಸಿ ಕೇಳಲಿ, ಗಾಡಿಯ ವೇಗದ ಲೆಕ್ಕವನ್ನು ಮಾಡಿಸಲಿ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾವು ಕಷ್ಟಸಹಿಷ್ಣುತೆಗೆ ಮಾತ್ರ ಹೇಳುವುದು ವಾಡಿಕೆ. ಒಂದು ಕ್ಷಣ ತಾಳಿ ವಿಚಾರ ಮಾಡುವವನಿಗೂ ಅದು ಅಷ್ಟೇ ಸಲ್ಲುತ್ತದೆ.